ಈರಪ್ಪಜ್ಜನ ಸೋಸುವ ಬಟ್ಟೆ

ವೈದ್ಯಕೀಯ ಪದವಿಯಲ್ಲಿ ನಮಗೆ ಸಾರ್ವಜನಿಕ ಆರೋಗ್ಯ ಎಂಬ ವಿಷಯವೂ ಇತ್ತು. ಅದರಲ್ಲಿ ಪಾಸಾಗಲು ಇಳಕಲ್ಲಿನ ಒಂದು ಮನೆಯವರಿಗೆ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿ, ಯಜಮಾನರ ಸಹಿ ತರಬೇಕಿತ್ತು. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸಣ್ಣ ಹುಳಗಳಿಂದ ನಾರುಹುಣ್ಣು ರೋಗ ಹರಡುತ್ತಿದ್ದ ಎಂಬತ್ತರ ದಶಕ ಅದು.

ನನ್ನ ಪಾಲಿಗೆ ಬಂದವರು ನೇಕಾರ ಈರಪ್ಪಜ್ಜ. ನಾನು ಕೊಟ್ಟ ಸರ್ಕಾರಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇದನ್ನ ಯಾರು ನೇಯ್ದಾರ್ರಿ? ಇದರಾಗ ಹುಳ ಏನು, ಮೀನ ಸೈತ ಈಜಿ ದಾಟ್ತೈತಿ.”

“ನಾಕು ಮಡಿಕಿ ಹಾಕಿದ್ರ ಸಾಕ್ರಿ, ಅಜ್ಜಾರ.”

“ಹುಳ ಎಷ್ಟು ದಪ್ಪ ಐತಿ ಹೇಳ್ರಿ. ನಾನ ನೇಯ್ತೇನಿ. ಅಲ್ಲೀತನಕ ಸಹಿ ಇಲ್ಲ.”

ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು ಎಂದೆ. ಅದೇ ನನ್ನ ತಪ್ಪು.

ಮೂರು ದಿನ ಬಿಟ್ಟು ಹೋದಾಗ, ಮಗ್ಗದಿಂದ ಆಗಷ್ಟೇ ಕತ್ತರಿಸಿದ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನೀರು ಸುರಿದು ಕೂತಿದ್ದರು. ನೀರು ಬಟ್ಟೆಯ ಮೇಲೆ ಕೆರೆಯಂತೆ ನಿಂತಿತ್ತು. ಮಧ್ಯಾಹ್ನವಾದರೂ ಕೆಳಗೆ ಹನಿ ಬೀಳಲಿಲ್ಲ.

ಒಳಗಿನಿಂದ ಅಜ್ಜಿ ಕೂಗಿದರು. “ಸೋಸೋದು ಮುಗೀತೇನ್ರಿ? ಬ್ಯಾಳಿ ಕುದಿಸಾಕ ನೀರು ಬೇಕು.”

“ಸುಮ್ನಿರು. ಒಂದಾದ್ರೂ ಹುಳ ದಾಟೈತೇನು, ಡಾಕ್ಟರಿಗೆ ಕೇಳು.”

ದಾಟಿರಲಿಲ್ಲ. ಅಜ್ಜ ಹೆಮ್ಮೆಯಿಂದ ಸಹಿ ಹಾಕಿದರು. ಈ ಮನೆಯ ಬಟ್ಟೆಯನ್ನು ಒಂದೂ ಹುಳ ದಾಟುವುದಿಲ್ಲ ಎಂದು ನಾನೂ ಪ್ರಾಮಾಣಿಕವಾಗಿ ವರದಿ ಬರೆದೆ. ಪರೀಕ್ಷಕರು ಮೆಚ್ಚಿ, ತರಗತಿಯಲ್ಲೇ ಹೆಚ್ಚು ಅಂಕ ಕೊಟ್ಟರು. ನೀರು ದಾಟುತ್ತದೆಯೇ ಎಂದು ಅವರು ಕೇಳಲಿಲ್ಲ. ಪಠ್ಯದಲ್ಲೂ ಆ ಪ್ರಶ್ನೆ ಇರಲಿಲ್ಲ.