ಹೂವು ಕೊಟ್ಟರೆ ಉಯಿಲು

ನಮ್ಮಪ್ಪನಿಗೆ ಬುದ್ಧಿ ಇತ್ತು. ಅದನ್ನು ಒಯ್ದು ಊರಾಚೆಯ ಅಮ್ಮನ ಗುಡಿಯಲ್ಲಿ, ಆಯಮ್ಮನ ಬಲಭುಜದ ಮೇಲೆ ಇಟ್ಟು ಬಂದಿದ್ದ, ಅಷ್ಟೆ. ಬೋರ್ ಕೊರೆಸುವುದಿರಲಿ, ಎಮ್ಮೆ ಮಾರುವುದಿರಲಿ, ಮಗಳಿಗೆ ಗಂಡು ನೋಡುವುದಿರಲಿ, ಮೊದಲು ಹೋಗಿ ಹೂ ಕೇಳಬೇಕು. ಪೂಜಾರಿ ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾನೆ. ಬಲಗಡೆಯದು ಮೊದಲು ಉದುರಿದರೆ ಆಗಲಿ ಅಂತ, ಎಡಗಡೆಯದು ಉದುರಿದರೆ ಬೇಡ ಅಂತ. ನನ್ನ ತಂಗಿಗೆ ಹನೂರು ಕಡೆಯ ಗಂಡು ಗೊತ್ತಾದದ್ದು ಹಾಗೆಯೇ, ಬಲಗಡೆಯ ಒಂದು ಸೇವಂತಿಗೆಯಿಂದ. ಆರನೇ ವರ್ಷಕ್ಕೆ ಗಂಡ ಕಾಯಿಲೆಯಿಂದ ಸತ್ತ, ಅವಳು ಮಕ್ಕಳಿಲ್ಲದೆ ತೌರಿಗೆ ಬಂದಳು. ಆಗ ಮಾತ್ರ ಯಾರೂ ಗುಡಿಗೆ ಹೋಗಿ ಏನಮ್ಮಾ ಇದು ಎಂದು ಕೇಳಲಿಲ್ಲ.

ನಮ್ಮೂರು ಕೊಳ್ಳೇಗಾಲಕ್ಕೆ ಆಟೋದಲ್ಲಿ ಕಾಲು ಗಂಟೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ತಾನೇ ದುಡಿದು ಕೊಂಡ ಮೂರು ಎಕರೆ ಇತ್ತು. ಎರಡು ಎಕರೆಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ, ಅಂದರೆ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಉಳಿದ ಒಂದು ಎಕರೆ ಹಿಪ್ಪುನೇರಳೆ, ಅದರ ಮೂಲೆಯಲ್ಲಿ ರೇಷ್ಮೆ ಹುಳು ಸಾಕುವ ಹೆಂಚಿನ ಹುಳುಮನೆ. ಅದು ತಂಗಿಯದು. ಇಪ್ಪತ್ತು ವರ್ಷ ಸೊಪ್ಪು ಕೊಯ್ದವಳು ಅವಳು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟವಳು ಅವಳು, ಆ ಹುಳುಮನೆಯ ಪಕ್ಕದ ಕೋಣೆಯಲ್ಲೇ ಮಲಗಿದವಳು ಅವಳು. ಅದು ಹೋದರೆ ಅವಳಿಗೆ ತಲೆ ಇಡಲು ಇನ್ನೊಂದು ಜಾಗವಿರಲಿಲ್ಲ.

ನಾನು ಯಳಂದೂರಿನಲ್ಲಿ ಇರುವವಳು, ಪ್ರೈಮರಿ ಸ್ಕೂಲ್ ಟೀಚರಾಗಿ ನಿವೃತ್ತಳಾದವಳು. ಹೋದಾಗಲೆಲ್ಲ ಅಪ್ಪನಿಗೆ ಒಂದೇ ಮಾತು ಹೇಳುತ್ತಿದ್ದೆ, ಉಯಿಲು ಬರೆದಿಡು ಎಂದು.

"ತ್ವಾಟ, ಉಳುಮನ ಎಲ್ಲ ಅವಳ್ಗೇಯ ಕೂಸು. ಬಾಯಲ್ಲಿ ಏಳಿವ್ನಲ್ಲ, ಊರ್ಗೆಲ್ಲ ಗೊತ್ತು" ಎನ್ನುತ್ತಿದ್ದ.

"ಊರು ಏನು ಸಬ್ ರಿಜಿಸ್ಟ್ರಾರಾ ಅಪ್ಪ?"

"ಉಯಿಲು ಬರ್ದ್ರ ಸಾವ ಕರ್ದಂಗ ಆಯ್ತದ ಕನ."

ಉಯಿಲು ಬರೆಯದವರೆಲ್ಲ ನಮ್ಮೂರಲ್ಲಿ ಚಿರಂಜೀವಿಗಳಾಗಿ ಓಡಾಡುತ್ತಿದ್ದಾರೇನೋ! ಇದ್ದದ್ದು ಇದ್ದಹಾಗೆ ಹೇಳುತ್ತೇನೆ, ನನಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಾರೆ, ಗ್ಯಾಸ್ ಬುಕ್ಕನ್ನು ದೇವರ ಫೋಟೋ ಹಿಂದೆ ಇಡುತ್ತಾರೆ. ಜೀವಮಾನದ ದುಡಿಮೆ ಯಾರಿಗೆ ಎಂಬುದನ್ನು ಮಾತ್ರ ಜಗಲಿಯ ಮೇಲೆ ಎಲೆಅಡಿಕೆ ಉಗಿಯುತ್ತಾ ಹೇಳಿ ಮುಗಿಸುತ್ತಾರೆ.

ಕೊನೆಗೆ ನನ್ನ ಕಾಟ ತಡೆಯಲಾರದೆ ಒಪ್ಪಿದ. ಹಿಪ್ಪುನೇರಳೆ ತೋಟ ಮತ್ತು ಹುಳುಮನೆ ತಂಗಿಗೆ, ಮಿಕ್ಕ ಎರಡು ಎಕರೆ ಅಣ್ಣನಿಗೆ. ನನಗೆ ಪಿಂಚಣಿ ಬರುತ್ತದಲ್ಲ, ನನಗೇನೂ ಇಲ್ಲ. ಆಗಲಪ್ಪ ಎಂದೆ. ಆದರೆ ಬರೆಯುವ ಮೊದಲು ಹೂ ಕೇಳಬೇಕಂತೆ!

ಅಣ್ಣನೇ ಬೈಕಿನಲ್ಲಿ ಕರೆದುಕೊಂಡು ಹೋದ. ಎಂದೂ ಇಲ್ಲದ ಪಿತೃಭಕ್ತಿ. ಹೂವು ಎಡಕ್ಕೆ ಬಿತ್ತು. ಎರಡು ತಿಂಗಳು ಬಿಟ್ಟು ಮತ್ತೆ ಹೋದರು, ಮತ್ತೆ ಎಡಕ್ಕೆ. ಮೂರನೇ ಸಲ ನಾನೂ ಹೋದೆ. ಗರ್ಭಗುಡಿಯ ಬಾಗಿಲಲ್ಲಿ ನಿಂತು ನನ್ನ ಕಣ್ಣಾರೆ ನೋಡಿದೆ. ವಿಗ್ರಹದ ಎಡಭುಜಕ್ಕೆ ಬರೀ ನೀರು ಚಿಮುಕಿಸಿ ಹೂವು ಇಟ್ಟಿದ್ದರು. ಬಲಭುಜಕ್ಕೆ ಗೋಡೆಗೆ ಬೆರಣಿ ತಟ್ಟಿದಂತೆ ಗಂಧ ಮೆತ್ತಿ, ಅದರೊಳಗೆ ಹೂವನ್ನು ಅದುಮಿದ್ದರು. ಆ ಹೂವು ಭೂಕಂಪವಾದರೂ ಬೀಳುತ್ತಿರಲಿಲ್ಲ. ಅಣ್ಣನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ, ಕಳ್ಳ ನನ್ಮಗ.

ನಾನು ಏನೂ ಹೇಳಲಿಲ್ಲ. ಜಮೀನಿಗೂ ಹೂ ಕೇಳುವ ಮೂಢರ ಹತ್ತಿರ ಗಂಧದ ಲೆಕ್ಕಾಚಾರ ಏನು ಮಾತಾಡುವುದು, ಅಂದುಕೊಂಡೆ. ನನಗೆ ಅಷ್ಟು ಅಸಡ್ಡೆ. ಎಡಗಡೆಯ ಹೂವು ಉದುರಿತು. ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಮೂರು ಸರ್ತಿ ಬ್ಯಾಡ ಅಂದ್ಳಲ್ಲವ್ವ. ನಾನ್ ಯಾನ ತಪ್ಪ ಮಾಡಿವ್ನಿ?" ಎಂದ. ಹೋಗಲಿ ಏಳಪ್ಪ, ಬಸ್ಸಿಗೆ ಹೊತ್ತಾಯಿತು ಎಂದೆ. ಆಮೇಲೆ ಅವನು ಉಯಿಲಿನ ಮಾತು ಎತ್ತಲೇ ಇಲ್ಲ. ಎರಡು ತುತ್ತು ಉಂಡು ಎದ್ದುಬಿಡುತ್ತಾನೆ ಎಂದು ತಂಗಿ ಫೋನಿನಲ್ಲಿ ಹೇಳುತ್ತಿದ್ದಳು. ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ ಎಮ್ಮೆಗೆ ನೀರು ತೋರಿಸುತ್ತಿದ್ದವನು ಅಲ್ಲೇ ಬಿದ್ದು ಹೋದ.

ತಿಥಿ ಮುಗಿದು ತಿಂಗಳಾಗಿತ್ತೋ ಇಲ್ಲವೋ, ಅಣ್ಣನ ಫೋನು.

"ಕೊಳ್ಳೇಗಾಲ್ದ ರಿಜಿಸ್ಟ್ರಾರ್ ಆಪೀಸ್ತಕ ಬಂದು ಒಂದ್ ಸೈನ್ ಆಕ್ಬುಟ್ಟು ಓಗವ್ವ. ಅವಳ್ನೂವ ಕರ್ಕಂಡ್ ಬತ್ತೀನಿ."

ಹೋದೆ. ಆಫೀಸಿನ ಎದುರಿನ ಮರದ ಕೆಳಗೆ ಅಣ್ಣ ಎರಡು ಸೀರೆ ಹಿಡಿದು ನಿಂತಿದ್ದ. ಜೊತೆಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು. ಸೈನ್ ಹಾಕಿದ ಮೇಲೆ ಅಲ್ಲೇ ಇಬ್ಬರಿಗೂ, ಗಂಡನಿಲ್ಲದ ತಂಗಿಗೂ ಸೇರಿಸಿ, ಮಡಿಲಕ್ಕಿ ತುಂಬುತ್ತಾನಂತೆ! ಜಮೀನು ಕಿತ್ತುಕೊಂಡು ಮಡಿಲು ತುಂಬುವ ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ. ಪತ್ರ ಬರೆಯುವವರು ಓದಿದರು. ಹೆಣ್ಣುಮಕ್ಕಳಿಬ್ಬರೂ ಅರಿಶಿನ ಕುಂಕುಮದ ಬಾಬ್ತು ಸೀರೆ ಪಡೆದು, ಯಾರ ಬಲವಂತವೂ ಇಲ್ಲದೆ, ಸ್ವಂತ ಸಂತೋಷದಿಂದ ತಮ್ಮ ಹಕ್ಕು ಬಿಟ್ಟಿದ್ದೇವೆ ಎಂದು ಅದರಲ್ಲಿತ್ತು. ನಾನು ತಂಗಿಯ ಕಡೆ ನೋಡಿದೆ. ಆ ಸಂತೋಷದಲ್ಲಿ ಅವಳ ತುಟಿ ಅದುರುತ್ತಿತ್ತು.

"ತೋಟ ಇವಳಿಗೆ ಅಂತ ಅಪ್ಪ ಹೇಳಿರಲಿಲ್ಲವಾ?" ಎಂದೆ.

"ಅಮ್ಮನೇ ಬ್ಯಾಡ ಅಂದ್ಳಲ್ಲ. ನೀನೂ ಇದ್ದಲ್ಲ ಅಲ್ಲಿ" ಎಂದ.

ನಾನು ಪತ್ರ ಬರೆಯುವವರನ್ನು ಕೇಳಿದೆ. "ಸ್ವಾಮಿ, ಉಯಿಲು ಇಲ್ಲದೆ ಹೋದರೆ ಯಾರಿಗೆ ಎಷ್ಟು?"

"ಉಯಿಲಿಲ್ಲ ಅಂದ್ರೆ ಮೂವರಿಗೂ ಸಮ ಕಣಮ್ಮ. ತಲೆಗೊಂದು ಎಕರೆ" ಎಂದರು ಅವರು, ಕನ್ನಡಕ ಒರೆಸುತ್ತಾ.

ಅಣ್ಣ ಪೆಚ್ಚಾದ. ನಾನು ಜೋರಾಗಿ ನಕ್ಕುಬಿಟ್ಟೆ. ಅಪ್ಪ ಅಂದುಕೊಂಡಂತೆ ಬರೆದಿದ್ದರೆ ಅವನಿಗೆ ಎರಡು ಎಕರೆ ಬರುತ್ತಿತ್ತು. ಗಂಧ ಮೆತ್ತಿಸಿ ಒಂದಕ್ಕೆ ಇಳಿದಿದ್ದ, ದಡ್ಡ ಶಿಖಾಮಣಿ. "ನನ್ನ ಪಾಲನ್ನೂ ತಂಗಿಗೇ ಬರೆದುಕೊಡ್ತೀನಿ, ಆ ಪತ್ರ ತಯಾರು ಮಾಡಿ" ಎಂದೆ.

ಆಗ ತಂಗಿ ನನ್ನ ಸೆರಗು ಹಿಡಿದಳು. "ಬ್ಯಾಡ ಕನಕ್ಕ. ಅಪ್ಪ ಕೇಳುದ್ಕೇ ಅಮ್ಮ ಕೊಡ್ನಿಲ್ಲ. ನಾನ್ ಎಂಗ ತಕ್ಕಳನ? ಒಂದ್ ಊ ಕೇಳ್ಬುಡ್ತೀನಿ. ಕೊಟ್ರ ತಕ್ಕತೀನಿ, ಇಲ್ದಿದ್ರ ಅಣ್ಣನ ಪತ್ರಕ್ಕ ಸೈನ್ ಆಕ್ತೀನಿ."

ಥೂ, ಇವಳ ಮನೆ ಕಾಯ್ವಾಗ! ಅಣ್ಣನ ಮುಖಕ್ಕೆ ಮತ್ತೆ ಕಳೆ ಬಂತು. "ಕೇಳ್ಲಿ ಬುಡು, ಕೇಳ್ಲಿ. ನಾಳಕೇ ಕೇಳ್ಲಿ" ಎಂದು ಸೀರೆಗಳನ್ನು ಚೀಲಕ್ಕೆ ತುರುಕಿದ.

ಮಾರನೆಯ ಬೆಳಿಗ್ಗೆ ಅವರಿಗಿಂತ ಒಂದು ಗಂಟೆ ಮೊದಲೇ ನಾನು ಗುಡಿಯಲ್ಲಿದ್ದೆ. ಪೂಜಾರಿ ಗಂಧ ತೇಯುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮೂರ ಸ್ಕೂಲಿನಲ್ಲೇ ಇದ್ದೆ, ಅವನು ಆಗ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವನು.

"ಇವತ್ತು ಗಂಧ ಯಾವ ಕಡೆಗೋ?" ಎಂದೆ.

ಅವನು ಕಲ್ಲು ಬಿಟ್ಟು ಎದ್ದು ನಿಂತ. "ಅಣ್ಣಾರು ಏಳುದ್ರು ಮಿಸ್ಸು... ನಾನ್ ಬ್ಯಾಡ ಅಂದಿ, ಅವರು ಕೇಳ್ನಿಲ್ಲ."

"ಎಡಗಡೆಗೆ ಮೆತ್ತು. ನನ್ನ ಎದುರಿಗೇ ಮೆತ್ತು."

ಮೆತ್ತಿದ. ನಾನು ಇಪ್ಪತ್ತೈದು ವರ್ಷ ಆಡಿಕೊಂಡು ನಕ್ಕ ಗುಡಿಯಲ್ಲಿ ನಿಂತು, ಬಲಗಡೆಯ ಹೂವಿಗೆ ನನ್ನ ಕೈಯಿಂದಲೇ ಇನ್ನೆರಡು ಹನಿ ನೀರು ಚಿಮುಕಿಸಿದೆ.

ತಂಗಿ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಬಂದಳು, ಹಿಂದೆ ಅಣ್ಣ. ಮಂಗಳಾರತಿ ಮುಗಿಯುವ ಮೊದಲೇ ಬಲಗಡೆಯ ಹೂವು ಪಟಕ್ಕನೆ ಬಿತ್ತು. ಅಣ್ಣ ಪೂಜಾರಿಯನ್ನು ದುರುಗುಟ್ಟಿ ನೋಡಿದ, ನನ್ನನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡು ನಡೆದ. ಏನು ಹೇಳಿಯಾನು, ಹೇಳಿದರೆ ಅವನ ಗಂಧವೂ ಹೊರಗೆ ಬರುತ್ತದೆ. ಹುಳುಮನೆ ಉಳಿಯಿತು. ಗೆದ್ದೆ ಎಂದುಕೊಂಡೆ.

ತಂಗಿ ಆ ಹೂವನ್ನು ಕಣ್ಣಿಗೊತ್ತಿಕೊಂಡು, ಅಪ್ಪ ಅವತ್ತು ಕೂತಿದ್ದ ಮೆಟ್ಟಿಲ ಮೇಲೆಯೇ ಕೂತು ಅತ್ತಳು.

"ನಂಗ ಒಂದೇ ಸರ್ತಿಗ ಕೊಟ್ಳು ಕನಕ್ಕ. ಅಪ್ಪಂಗ ಮೂರು ಸರ್ತಿ ಕೇಳುದ್ರೂ ಕೊಡ್ನಿಲ್ಲ. ಅದನ್ನೇ ಅನ್ಕಂಡು ಅನ್ಕಂಡು ಸತ್ತೋದ. ನೀನ್ ಓದಿರವಳು, ನೀನೇ ಏಳು. ಅಪ್ಪ ಯಾನ ತಪ್ಪ ಮಾಡಿದ್ದ?"

ನನಗೆ ಉತ್ತರ ಗೊತ್ತಿತ್ತು. ಅವತ್ತು ಅಪ್ಪನಿಗೆ ಹೇಳಿದ ಹಾಗೆಯೇ, ಹೋಗಲಿ ಏಳೇ, ಬಸ್ಸಿಗೆ ಹೊತ್ತಾಯಿತು ಎಂದೆ.