ನಾನು ಸೇರಿಸಿದ ಮಾತುಗಳು

ಮೈಸೂರಿನಲ್ಲಿದ್ದಾಗ ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಗಂಡನಿಗೆ ಚೆನ್ನೈಗೆ ವರ್ಗವಾಗಿ ಪೆರಂಬೂರಿನಲ್ಲಿ ಮನೆ ಮಾಡಿದ ಮೇಲೆ ಆ ಕೆಲಸ ನಿಂತುಹೋಯಿತು. ನನ್ನ ತಮಿಳು ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತಿತ್ತು, ಪಾಠ ಹೇಳುವುದಕ್ಕೆ ಸಾಲುತ್ತಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿದ್ದವರು ಮಕ್ಕಳ ಮನಶ್ಶಾಸ್ತ್ರ ಓದಿದ ತಮಿಳು ಹೆಂಗಸು. ಎಚ್‌ಐವಿ ಇರುವ ಮಕ್ಕಳನ್ನು ನೋಡುವ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಅವರ ಕೆಲಸ. ಹುಟ್ಟಿನಿಂದಲೇ ಆ ಸೋಂಕು ಬಂದ ಕೆಲವು ಮಕ್ಕಳಿಗೆ ನೆನಪು, ಗಮನ, ಕಲಿಕೆ ಹಿಂದೆ ಬೀಳುತ್ತದಂತೆ. ಎಲ್ಲಿ ತೊಡಕಿದೆ ಎಂದು ಬೇಗ ಗೊತ್ತಾದರೆ ಶಾಲೆಯಲ್ಲಿ ಅದಕ್ಕೆ ತಕ್ಕ ಸಹಾಯ ಕೇಳಬಹುದು. ಅದನ್ನು ಕಂಡುಹಿಡಿಯುವ ಪರೀಕ್ಷೆ ಮಾಡುವವರು ಅವರು.

ಒಂದು ಸಂಜೆ ಅವರು ಮೇಲೆ ಬಂದು ಕೂತರು. ನಮ್ಮ ಮಾತು ಇಂಗ್ಲಿಷಿನಲ್ಲಿ, ನಡುನಡುವೆ ನನ್ನ ಹರಕು ತಮಿಳಿನಲ್ಲಿ.

"ಕನ್ನಡ ಬಿಟ್ಟರೆ ಬೇರೇನೂ ಬಾರದ ಒಂದು ಹುಡುಗಿ ಬಂದಿದ್ದಾಳೆ. ನನ್ನ ಪ್ರಶ್ನೆಗಳೆಲ್ಲ ತಮಿಳಿನಲ್ಲಿವೆ, ಕನ್ನಡದ್ದನ್ನು ತರಿಸುವ ಶಕ್ತಿ ಕ್ಲಿನಿಕ್ಕಿಗಿಲ್ಲ. ನೀವು ಬಂದು ಅವನ್ನು ಕನ್ನಡದಲ್ಲಿ ಹೇಳ್ತೀರಾ?"

ಹುಡುಗಿಯ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಬ್ರಹ್ಮಾವರದ ಕಡೆಯಿಂದ ಅಜ್ಜಿ ಅವಳನ್ನು ಕರೆದುಕೊಂಡು ಚೆನ್ನೈನ ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುವ ಮಗನ ಹತ್ತಿರ ಬಂದಿದ್ದರು. ಮೆಸ್ಸಿನಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದರು. ಆದರೆ ಹುಡುಗಿಯ ಕಾಯಿಲೆ ಅವರಲ್ಲಿ ಒಬ್ಬರಿಗೂ ಗೊತ್ತಾಗಬಾರದು. ಹುಡುಗಿಗೇ ಗೊತ್ತಿರಲಿಲ್ಲ, ದಿನಾ ನುಂಗುವ ಮಾತ್ರೆ ಶಕ್ತಿಗೆ ಎಂದು ಅಜ್ಜಿ ಹೇಳಿಟ್ಟಿದ್ದರು. ಹಾಗಾಗಿ ಹೊರಗಿನವಳಾದ ನಾನೇ ಬೇಕಾಯಿತು. ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಈ ಊರಿಗೆ ಬಂದ ಮೇಲೆ ಯಾರೂ ನನ್ನನ್ನು ಒಂದು ಕೆಲಸಕ್ಕೆ ಕರೆದಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗಡಗಡ ಎನ್ನುವ ಒಂದು ಫ್ಯಾನು. ಒಳಗೆ ಹೋಗುವ ಮೊದಲೇ ಅವರು ನನಗೆ ಹೇಳಿದ್ದರು. "ನಾನು ಹೇಳಿದಷ್ಟೇ ಹೇಳಿ. ಹೆಚ್ಚು ಬೇಡ, ಕಡಿಮೆಯೂ ಬೇಡ. ಅವಳು ಸುಮ್ಮನಿದ್ದರೆ ನೀವೂ ಸುಮ್ಮನಿರಿ."

ಹುಡುಗಿಗೆ ಎಂಟು ವರ್ಷ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಅಜ್ಜಿ ತೊಡಿಸಿದ್ದ ಹಬ್ಬದ ಲಂಗ. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಅವಳ ಮುಖ ಅರಳಿತು. "ನೀವು ಟೀಚರಾ?" ಎಂದು ಕೇಳಿದಳು. ಹೌದು ಎಂದೆ.

ಚಿತ್ರಗಳನ್ನು ಗುರುತಿಸುವುದು, ತುಂಡುಗಳನ್ನು ಜೋಡಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಆಮೇಲೆ ಅಂಕಿಗಳು ಬಂದವು. ನಾನು ಹೇಳಿದ ಅಂಕಿಗಳನ್ನು ಅವಳು ಹಿಂದಿನಿಂದ ಮುಂದಕ್ಕೆ ಹೇಳಬೇಕು; ಪ್ರತಿಯೊಂದನ್ನೂ ಒಂದೇ ಸಲ ಹೇಳಬೇಕು ಎಂಬುದು ನಿಯಮ. ಅವಳು ತಡವರಿಸಿದಳು. ತುಟಿ ಕಚ್ಚಿಕೊಂಡು ನನ್ನನ್ನೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ತರಗತಿಯಲ್ಲಿ ಮಗು ಹಾಗೆ ನೋಡಿದಾಗ ಕೈಹಿಡಿದು ದಾಟಿಸುವುದೇ ನನ್ನ ಕಸುಬಾಗಿತ್ತು.

"ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲವಂತೆ" ಎಂದು ಮನಶ್ಶಾಸ್ತ್ರಜ್ಞೆಗೆ ಹೇಳಿ, ಅಂಕಿಗಳನ್ನು ಮತ್ತೆ ಹೇಳಿದೆ. ಈ ಸಲ ಮಗ್ಗಿ ಹೇಳುವ ಹಾಗೆ ರಾಗವಾಗಿ, ಬಿಡಿಸಿ ಬಿಡಿಸಿ. ಅವಳು ಸರಿಯಾಗಿ ಹೇಳಿದಳು.

ಕೊನೆಗೆ ಒಂದು ಪುಟ್ಟ ಕಥೆ. ಹೆಂಗಸೊಬ್ಬಳು ಬಾಳೆಹಣ್ಣು ತರಲು ಹೋಗುತ್ತಾಳೆ, ಬಸ್ಸಿನಲ್ಲಿ ಕೊಡೆ ಮರೆತು ಇಳಿಯುತ್ತಾಳೆ, ಕಂಡಕ್ಟರು ಓಡಿಬಂದು ಕೊಡುತ್ತಾನೆ. ಕೇಳಿದ ಮೇಲೆ ನೆನಪಿದ್ದಷ್ಟನ್ನು ಅವಳು ಹೇಳಬೇಕು.

"ಬಾಳೆಹಣ್ಣು" ಎಂದು ನಿಲ್ಲಿಸಿದಳು.

ನಾನು "ಇನ್ನೇನು?" ಎಂದಷ್ಟೇ ಕೇಳಬಹುದಿತ್ತು. ಕೇಳಿದೆ. ಅವಳು ತಲೆ ತಗ್ಗಿಸಿದಳು. ಆಗ ನನ್ನ ನಾಲಿಗೆ ತಾನೇ ಮುಂದೆ ಹೋಯಿತು. "ಬಸ್ಸಲ್ಲಿ ಏನೋ ಬಿಟ್ಟು ಇಳಿದ್ಲಲ್ಲ ಪುಟ್ಟಿ, ಏನದು? ಮಳೆ ಬಂದ್ರೆ ಬೇಕಾಗತ್ತಲ್ಲ?"

"ಕೊಡೆ."

"ಅದನ್ನ ಯಾರು ತಂದುಕೊಟ್ರು? ಟಿಕೆಟ್ ಕೊಡೋರು ಯಾರು?"

"ಕಂಡಕ್ಟರು."

ಕಥೆಯಲ್ಲಿ ಮಳೆಯೇ ಇರಲಿಲ್ಲ, ಆ ಮಾತು ತಮಿಳಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಮನಶ್ಶಾಸ್ತ್ರಜ್ಞೆ ತಲೆ ಎತ್ತಿ ನನ್ನನ್ನು ನೋಡಿದರು. ಮಗು ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದರು. "ನೀವು ಏನಾದರೂ ಸೇರಿಸಿದಿರಾ?"

"ಇಲ್ಲ" ಎಂದೆ. "ನೀವು ಹೇಳಿದ್ದನ್ನೇ ಹೇಳಿದೆ."

ಆ ಸುಳ್ಳು ಯಾಕೆ ಹೇಳಿದೆನೋ. ಮಗುವಿಗೆ ದಡ್ಡಿ ಎಂಬ ಹೆಸರು ಬರಬಾರದು ಎಂದೇ ಎಲ್ಲ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಅದಷ್ಟೇ ಅಲ್ಲ. ನಿಯಮ ಮುರಿದೆ ಎಂದರೆ ಅವರು ನನ್ನನ್ನು ಮತ್ತೆ ಕರೆಯಲಾರರು ಎಂಬ ಹೆದರಿಕೆಯೂ ಇತ್ತು.

ಪರೀಕ್ಷೆಯಲ್ಲಿ ಅವಳ ಬುದ್ಧಿ ವಯಸ್ಸಿಗೆ ತಕ್ಕ ಹಾಗಿದೆ ಎಂದು ಬಂತು. ಹೊಸ ಭಾಷೆಯಿಂದ ಸ್ವಲ್ಪ ಕಷ್ಟವಾಗಬಹುದು, ಬೇರೆ ಸಹಾಯ ಬೇಡ ಎಂದು ಮನಶ್ಶಾಸ್ತ್ರಜ್ಞೆ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮ ಬಾಯಿಂದ ಒಳ್ಳೆ ಮಾತು ಬಂತು ಟೀಚರ್. ಇದರ ತಾಯಿ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ಲು" ಎಂದರು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನಷ್ಟು ಹಿಗ್ಗಿದವರು ಇನ್ನೊಬ್ಬರಿರಲಿಲ್ಲ.

ಹುಡುಗಿ ಇಲ್ಲಿನ ತಮಿಳು ಶಾಲೆಗೆ ಸೇರಿ ಕೆಲವು ತಿಂಗಳಾದ ಮೇಲೆ ತ್ರಿಪ್ಲಿಕೇನಿನ ಗುಡಿಗೆ ಹೋಗಿದ್ದೆ. ಅಜ್ಜಿಯನ್ನು ಮಾತಾಡಿಸಿಕೊಂಡು ಹೋಗೋಣವೆಂದು ಮೆಸ್ಸಿನ ಹಿಂದಿನ ಓಣಿಯಲ್ಲಿದ್ದ ಅವರ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೊಣಕಾಲಿನ ಹಿಂದೆ ಕೋಲಿನ ಬರೆ ಕೆಂಪಗೆ ಎದ್ದಿತ್ತು.

ಅಜ್ಜಿ ಚಾಪೆ ಹಾಸಿ ಕೂರಿಸಿದರು. "ಎಂತ ಮಾಡುದು ಟೀಚರ್. ಹೇಳಿದ್ದು ಒಂದೂ ತಲೆಯಲ್ಲಿ ನಿಲ್ಲುದಿಲ್ಲ. ಶಾಲೆಯಲ್ಲಿ ಹಿಂದೆ ಕೂರಿಸಿದ್ದಾರೆ. ಮೊದಲು ನಾನು ಪಾಪ ಅಂತ ಬಿಡ್ತಿದ್ದೆ, ಇದಕ್ಕೆ ಆಗುದಿಲ್ಲವೋ ಏನೋ ಅಂತ. ಈಗ ಡಾಕ್ಟ್ರೇ ಹೇಳಿದ್ರಲ್ಲ, ತಲೆ ಸರಿ ಉಂಟು ಅಂತ. ಹಾಗಾದ್ರೆ ಇದು ಸೋಮಾರಿತನವೇ ಅಲ್ವಾ? ಇವಳ ಮಾವನೂ ಅದನ್ನೇ ಹೇಳ್ತಾನೆ."

ಅಜ್ಜಿ ಕಾಫಿ ತರಲು ಮೆಸ್ಸಿನ ಅಡುಗೆಮನೆಗೆ ಹೋದರು. ಹುಡುಗಿ ಗೋಡೆಯಿಂದ ಮುಖ ತಿರುಗಿಸಿ ಪಿಸುಗುಟ್ಟಿದಳು.

"ಟೀಚರ್, ಅವತ್ತು ನೀವು ಹೇಳಿಕೊಟ್ಟ ಹಾಗೆ ಇಲ್ಲಿ ಯಾರೂ ಹೇಳಿಕೊಡುದಿಲ್ಲ."

ಅವಳಿಗೆ ಎಲ್ಲ ಗೊತ್ತಿತ್ತು. ಅಜ್ಜಿಗೆ ಒಂದು ಮಾತು ಹೇಳಿದ್ದರೆ ಏಟು ತಪ್ಪುತ್ತಿತ್ತೇನೋ, ಆದರೆ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. "ಅಜ್ಜಿಗೆ ಹೇಳಿದ್ಯಾ?" ಎಂದು ಕೇಳಿದೆ. ಅದನ್ನು ಕೇಳಿದ್ದಕ್ಕೇ ಈಗಲೂ ನಾಚಿಕೆಯಾಗುತ್ತದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. "ಹೇಳಿದ್ರೆ ನಿಮಗೆ ಬೈತಾರೆ."

ಆ ಕಾಫಿ ಕುಡಿದೆ. ಹೊಡೆಯಬೇಡಿ ಎಂದು ಅಜ್ಜಿಗೆ ಮೇಲುಮೇಲಿನ ಬುದ್ಧಿ ಹೇಳಿ ಎದ್ದು ಬಂದೆ.

ಅಂದೇ ಕೆಳಗಿನ ಮನೆಯ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ಇವತ್ತು ಅವರಿಗೆ ನೆಂಟರು ಬಂದಿದ್ದಾರೆ, ಇವತ್ತು ದಣಿದಿರುತ್ತಾರೆ ಎಂದು ನೆಪ ಹುಡುಕುತ್ತಾ ದಿನ ದೂಡಿದೆ. ಮೆಟ್ಟಿಲಲ್ಲಿ ಎದುರಾದರೆ ನಕ್ಕು ಮುಂದೆ ಹೋಗುತ್ತಿದ್ದೆ. ಅಷ್ಟು ದಿನವೂ ಆ ಮಗು ಏಟು ತಿನ್ನುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಕೊನೆಗೆ ಒಂದು ಭಾನುವಾರ ಗಂಡನಿಗೆ ಹೇಳಿದೆ. ಅವರು ಪೇಪರು ಮಡಿಸಿಟ್ಟು, "ಹೋಗಿ ಹೇಳ್ಬಿಟ್ಟು ಬಾ. ನಾನು ಅನ್ನಕ್ಕಿಡ್ತೀನಿ" ಎಂದರು.

ಮನಶ್ಶಾಸ್ತ್ರಜ್ಞೆ ಪೂರ್ತಿ ಕೇಳಿದರು. ರೇಗಲಿಲ್ಲ. "ನನಗೂ ಅನುಮಾನ ಬಂದಿತ್ತು. ಇನ್ನೊಂದು ಸಲ ಕೇಳಬೇಕಿತ್ತು" ಎಂದು ತಪ್ಪನ್ನು ತಮ್ಮ ಮೇಲೂ ಸ್ವಲ್ಪ ಹಾಕಿಕೊಂಡರು. ನಾಳೆಯೇ ಮತ್ತೆ ಪರೀಕ್ಷೆ ಮಾಡಬಹುದಲ್ಲ ಎಂದೆ.

"ಆಗುವುದಿಲ್ಲ. ಅದೇ ಪ್ರಶ್ನೆಗಳು, ಒಮ್ಮೆ ಮಾಡಿ ಅಭ್ಯಾಸವಾಗಿರುತ್ತದೆ, ಈಗ ಬಂದದ್ದನ್ನು ನಂಬುವ ಹಾಗಿರುವುದಿಲ್ಲ. ಈ ವರ್ಷ ಕಳೆಯಬೇಕು." ನಾನು ಏಳುವಾಗ ಹೇಳಿದರು. "ಅಜ್ಜಿಗೆ ನೀವೇ ಹೇಳಿ. ಒಳ್ಳೆಯ ಮಾತನ್ನು ಅವರು ನಿಮ್ಮ ಬಾಯಿಂದಲೇ ಕೇಳಿದ್ದು."

ತಪ್ಪು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಎಣಿಸಿದ್ದ ನನಗೆ ಮಗುವಿನ ಆ ವರ್ಷ ಹಾಗೆಯೇ ಹೋಯಿತು ಎಂದು ತಿಳಿದದ್ದು ಆಗ.

ಮರುದಿನ ತ್ರಿಪ್ಲಿಕೇನಿಗೆ ಹೋದೆ. ಹುಡುಗಿ ಶಾಲೆಗೆ ಹೋಗಿದ್ದಳು. ಅಜ್ಜಿ ಕೋಣೆಯಲ್ಲಿ ಕೂತು ಮೆಸ್ಸಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೈಯಲಿ ಎಂದು ಗಟ್ಟಿಮನಸ್ಸು ಮಾಡಿಕೊಂಡು ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಹಾಗಾದ್ರೆ ತಲೆ ಸರಿ ಇಲ್ವಾ?"

"ಹಾಗಲ್ಲ ಅಜ್ಜಿ. ಕೇಳಿದ್ದು ಬೇಗ ಮರೆತುಹೋಗುತ್ತೆ ಅಂತ ಕಾಣತ್ತೆ. ಅವಳು ಬೇಕು ಅಂತ ಮಾಡ್ತಿಲ್ಲ. ಇನ್ನೊಂದ್ಸಲ ಸರಿಯಾಗಿ ನೋಡ್ತಾರೆ."

ಅವರು ಕೈಯಲ್ಲಿದ್ದುದನ್ನು ಮೊರಕ್ಕೆ ಹಾಕಿದರು. "ಮತ್ತೆ ನಾನು ಹೊಡೆದದ್ದು?" ಎಂದರು. ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡದ್ದೋ ತಿಳಿಯಲಿಲ್ಲ. "ಮಗಳು ಸಾಯುವಾಗ ನನ್ನ ಕೈಯಲ್ಲಿ ಕೊಟ್ಟು ಹೋದದ್ದು ಇದನ್ನು." ನಾನು ಅವರ ಕೈ ಹಿಡಿಯಹೋದೆ. ಅವರು ಕೈ ಎಳೆದುಕೊಂಡು ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದರು. ಅಂದು ಕಾಫಿ ಕುಡಿಯಿರಿ ಎನ್ನಲಿಲ್ಲ.

ಅವತ್ತಿನಿಂದ ಅಜ್ಜಿ ಕೋಲು ಮುಟ್ಟಲಿಲ್ಲವಂತೆ. ಅದನ್ನು ನನಗೆ ಹೇಳಿದವರು ಮನಶ್ಶಾಸ್ತ್ರಜ್ಞೆ.

ಮುಂದಿನ ವರ್ಷ ಮತ್ತೆ ಪರೀಕ್ಷೆಯಾಯಿತು. ಈ ಸಲ ಕನ್ನಡ ಹೇಳಲು ಬಂದವಳು ನರ್ಸಿಂಗ್ ಓದುತ್ತಿದ್ದ ಹಾಸನದ ಒಬ್ಬ ಹುಡುಗಿ. ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದರಲ್ಲಿ ಮಗು ಬಹಳ ಹಿಂದಿತ್ತು. ಕಣ್ಣಿಂದ ನೋಡಿ ಕಲಿಯುವುದರಲ್ಲಿ ಅವಳ ವಯಸ್ಸಿನವರಂತೆಯೇ ಇದ್ದಳು. ಮೊದಲ ಸಲವೇ ಇದು ಗೊತ್ತಾಗಬೇಕಿತ್ತು. ಬೋರ್ಡಿನ ಮೇಲೆ ಬರೆದು ತೋರಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಉತ್ತರಕ್ಕೆ ಹೊತ್ತು ಕೊಡಿ ಎಂದು ಕಾಯಿಲೆಯ ಸುದ್ದಿ ಎತ್ತದೆ ಶಾಲೆಗೆ ತಿಳಿಸಿದರು. ಶಾಲೆಯವರು ಒಪ್ಪಿದರು, ಆದರೆ ಅವಳನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಸಿಕೊಂಡರು. ಅವಳ ಜೊತೆಯವರು ಮುಂದೆ ಹೋದರು.

ಸಂಜೆ ಬಂದು ಪಾಠ ಹೇಳಲೇ ಎಂದು ಅಜ್ಜಿಯನ್ನು ಕೇಳಿದೆ. "ಬೇಡ ಟೀಚರ್" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಹೋದ ತಿಂಗಳು ಕ್ಲಿನಿಕ್ಕಿನ ಹತ್ತಿರದ ಬಸ್ ಸ್ಟಾಪಿನಲ್ಲಿ ಇಬ್ಬರೂ ಸಿಕ್ಕಿದರು. ಹುಡುಗಿ ಉದ್ದವಾಗಿದ್ದಾಳೆ. ಹೇಗಿದ್ದೀಯ ಎಂದು ಕನ್ನಡದಲ್ಲಿ ಕೇಳಿದರೆ "ನಲ್ಲಾ ಇರುಕ್ಕೇನ್ ಟೀಚರ್" ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಅಜ್ಜಿ ನನ್ನನ್ನು ನೋಡಿ ತಲೆಯಾಡಿಸಿ, ಬಸ್ಸು ಬರುವ ಕಡೆಗೆ ತಿರುಗಿದರು. ಬಸ್ಸು ಬಂತು. ಹುಡುಗಿ ಅಜ್ಜಿಯ ಕೈಚೀಲ ತೆಗೆದುಕೊಂಡು, ಅವರನ್ನು ಮೊದಲು ಹತ್ತಿಸಿ ತಾನು ಹತ್ತಿದಳು.