ತಿಮ್ಮಣ್ಣ ಹಿಡಿದುಕೊಟ್ಟ ಖೋಲಿ

ಹೊನ್ನಾವರದ ಬಳಿ ಹೊಳೆಯ ನಡುಗಡ್ಡೆಯಾದ ಮಾವಿನಕುರ್ವೆಯ ಬೆಳ್ಳಿಗೆ ತಮ್ಮನೆಂದರೆ ಮಗನಿದ್ದ ಹಾಗೆ. ಅಳಿವೆಯಲ್ಲಿ ದೋಣಿ ಮಗುಚಿ ಅಪ್ಪ ಹೋದ ಮೇಲೆ, ಮೀನಿನ ಬುಟ್ಟಿ ಹೊತ್ತು, ತಾಯಿಯೂ ಇಲ್ಲದ ತಮ್ಮ ಮಾಬ್ಲನನ್ನು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರ್ಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹೊನ್ನಾವರದಲ್ಲಿ ಮೆಟ್ರಿಕ್ ಮುಗಿಸಿದ ಮಾಬ್ಲನಿಗೆ ಮುಂಬಯಿಯಲ್ಲಿ ಎಂಜಿನ್ ಕೆಲಸ ಕಲಿಸುವ ಶಾಲೆಯಲ್ಲಿ ಜಾಗ ಸಿಕ್ಕಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಮುಂಬಯಿಯಲ್ಲಿ ಅನ್ನ ಹುಟ್ಟಿಸಬಹುದು, ತಲೆಯ ಮೇಲೊಂದು ಸೂರು ಹುಟ್ಟಿಸಲಾಗದು ಎಂದು ಹೋಗಿ ಬಂದವರೆಲ್ಲ ಹೇಳುತ್ತಿದ್ದರು.

ಆ ಹೊತ್ತಿಗೆ ಬಂದವನು ತಿಮ್ಮಣ್ಣ. ಹೊನ್ನಾವರ ಪೇಟೆಯವನೇ, ಮುಂಬಯಿಯಲ್ಲಿ ಏನೋ ವ್ಯವಹಾರ. ಬೂಟು ಕಳಚಿ, ಬೆಳ್ಳಿ ಹಾಸಿದ ಚಾಪೆಯ ಮೇಲೆ ಮನೆಯವನ ಹಾಗೆ ಕೂತ.

"ಮುಂಬಯಿ ಗಿರಗಾಂವಿನಲ್ಲಿ ಬಾಡಿಗೆಗೆ ಒಂದು ಖೋಲಿ ಉಂಟು ಬೆಳ್ಳಕ್ಕ, ಒಂದೇ ಕೋಣೆ. ನೀರಿನ ನಳ ಬಾಗ್ಲಲ್ಲೇ. ಈಗ್ಲೇ ಮುಂಗಡ ಕೊಡದಿದ್ರೆ ಬೇರೆಯವ್ರ ಪಾಲಾತು."

"ಖೋಲಿ ಯಜಮಾನ ಯಾರು?" ಎಂದ ಮಾಬ್ಲ.

"ನಾ ಇಲ್ವಾ? ಊರವನ ಮೇಲೇ ನಂಬ್ಕೆ ಇಲ್ದೇ ಹೋದ್ರೆ ಎಂತ ಮಾಡುದು?"

ಮಾಬ್ಲ ತಲೆ ತಗ್ಗಿಸಿದ. ದೊಡ್ಡವರಿಗೆ ಎದುರಾಡಿದನಲ್ಲ ಎಂದು ಬೆಳ್ಳಿಗೂ ಮುಜುಗರವಾಯಿತು. ಕಿವಿಯ ಬಂಗಾರ ಬಿಚ್ಚಿ ತಿಮ್ಮಣ್ಣನ ಕೈಗಿಟ್ಟಳು. ಅವನು ಖೋಲಿಗಳ ಸಾಲುಕಟ್ಟಡವಾದ ಆ ಚಾಳದ ಹೆಸರನ್ನೂ ದಾರಿಯನ್ನೂ ಬಾಯಿಪಾಠ ಮಾಡಿಸಿ ಹೋದ.

ಮಳೆಗಾಲಕ್ಕೆ ಮುಂಚಿನ ಕಡೆಯ ಸ್ಟೀಮರಿನಲ್ಲಿ ಅಕ್ಕ ತಮ್ಮ ಹೊರಟರು. ತಮ್ಮನಿಗೊಂದು ಒಲೆ ಹೂಡಿಕೊಟ್ಟು ಅದೇ ಸ್ಟೀಮರು ಊರಿನತ್ತ ತಿರುಗುವಾಗ ಅದರಲ್ಲೇ ಮರಳುವುದೆಂದು ಬೆಳ್ಳಿಯ ಲೆಕ್ಕ. ಚಾಳ ಸಿಕ್ಕಿತು, ಖೋಲಿಯೂ ಸಿಕ್ಕಿತು. ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಒಳಗೆ ಸಾಲಾಗಿ ಕೂತ ಮಕ್ಕಳು ಉಣ್ಣುತ್ತಿದ್ದರು. ಇವರ ಟ್ರಂಕು ನೋಡಿದ್ದೇ ಆಕೆಗೆ ಎಲ್ಲ ತಿಳಿದುಹೋಯಿತು.

"ನೀವೂ ಆ ತಿಮ್ಮನಿಗೆ ಮುಂಗಡ ಕೊಟ್ಟು ಬಂದಿರಾ?" ಎಂದಳು ಕೊಂಕಣಿಯಲ್ಲಿ. "ನಿಮ್ಮ ಕಡೆಯ ಹುಡುಗರು ಹೀಗೇ ಬರುತ್ತಲೇ ಇದ್ದಾರೆ. ಆ ತಿಮ್ಮ ಯಾರೋ ನಮಗೆ ಗೊತ್ತಿಲ್ಲ. ನಾವು ಇಲ್ಲಿ ಬಾಡಿಗೆಗಿದ್ದು ವರ್ಷಗಳಾದವು."

ದೂರು ಕೊಡಲು ಹೋದರೆ ಪೊಲೀಸಿನವನು ರಸೀದಿ ಎಲ್ಲಿ ಎಂದು ಕೇಳಿದ. ಇವರ ಬಳಿ ಏನಿತ್ತು? ಕೊನೆಗೆ ಆ ಹೆಂಗಸೇ ಮರುಗಿ, ಇವರಿಬ್ಬರು ಮೆಟ್ಟಿಲ ಕೆಳಗೆ ಮಲಗುವುದಕ್ಕೆ ಚಾಳದವರನ್ನೆಲ್ಲ ಒಪ್ಪಿಸಿದಳು. ತಮ್ಮನನ್ನು ಅಲ್ಲಿ ಬಿಟ್ಟು ಬರಲು ಬೆಳ್ಳಿಗೆ ಕಾಲು ಏಳಲಿಲ್ಲ. ಸ್ಟೀಮರು ಅವಳನ್ನು ಬಿಟ್ಟೇ ಹೋಯಿತು.

ಅವಳು ಮಾರುಕಟ್ಟೆಯಲ್ಲಿ ಮೀನು ಹೆಚ್ಚುವ ಕೆಲಸ ಹಿಡಿದಳು. ಮಾಬ್ಲ ಶಾಲೆಗೆ ಹೋಗತೊಡಗಿದ. ಮಳೆ ಹಿಡಿಯಿತು. ಮೆಟ್ಟಿಲಿನಿಂದ ಇಳಿದ ನೀರು ಚಾಪೆಯಡಿ ಹರಿಯಿತು. ಒದ್ದೆ ಬಟ್ಟೆಯಲ್ಲೇ ಹೋಗಿ ಬಂದು ಹುಡುಗನಿಗೆ ಕೆಮ್ಮು, ಆಮೇಲೆ ಜ್ವರ. ಆಸ್ಪತ್ರೆಯಲ್ಲಿ ಮಂಚ ಖಾಲಿಯಿರಲಿಲ್ಲ, ನೆಲದ ಮೇಲೇ ಮಲಗಿಸಿದರು.

"ಅಕ್ಕ, ಆವತ್ತು ಯಜಮಾನ ಯಾರಂತ ನಾ ಇನ್ನೊಂದ್ಸಲ ಕೇಳ್ಬೇಕಿತ್ತು," ಎಂದ ಮಾಬ್ಲ.

"ಕೇಳಿದ್ರೆ ನಾನೇ ಬಯ್ತಿದ್ದೆ," ಎಂದಳು ಬೆಳ್ಳಿ.

ಶ್ರಾವಣ ಹುಟ್ಟುವ ಮೊದಲೇ ಅವನು ತೀರಿಕೊಂಡ. ಕಡಲು ಶಾಂತವಾಗಿ ಸ್ಟೀಮರು ಶುರುವಾದ ಮೇಲೆ ಬೆಳ್ಳಿ ಒಬ್ಬಳೇ ಊರಿಗೆ ಬಂದಳು. ಖಾಲಿ ಟ್ರಂಕನ್ನು ಚಾಳದ ಹೆಂಗಸಿಗೇ ಕೊಟ್ಟಿದ್ದಳು.

ಮುಂದಿನ ಬೇಸಿಗೆಯಲ್ಲಿ ಮೀನು ಮಾರಲು ಕುಮಟೆಗೆ ಹೋದಾಗ ಅವಳ ಕಿವಿಗೊಂದು ಸುದ್ದಿ ಬಿತ್ತು: ಹೊಳನಗದ್ದೆಯ ಮಾದೇವನ ಮಗ ಓದಲು ಮುಂಬಯಿಗೆ ಹೊರಟಿದ್ದಾನೆ, ತಿಮ್ಮಣ್ಣ ಖೋಲಿ ನೋಡಿಕೊಡುತ್ತಾನೆ. ಬೆಳ್ಳಿ ಬುಟ್ಟಿ ಇಳಿಸದೆ ನೇರ ಹೊಳನಗದ್ದೆಯ ದಾರಿ ಹಿಡಿದು ಮಾದೇವನ ಮನೆ ಮುಟ್ಟಿದಳು.

"ಇವತ್ತು ಮೀನು ಬೇಡ," ಎಂದ ಮಾದೇವ ಜಗಲಿಯಿಂದ.

"ಮೀನಿಗೆ ಬಂದವ್ಳಲ್ಲ, ಒಡೆಯಾ." ಅಂಗಳದಲ್ಲೇ ನಿಂತು ಎಲ್ಲ ಹೇಳಿದಳು.

ಮಾದೇವನ ಮುಖ ಕೆಂಪಾಯಿತು. "ತಿಮ್ಮ ನಮ್ಮ ಭಾವನ ದೋಸ್ತ. ಅವನ ಮೇಲೆ ಎಂತಕ್ಕೆ ಇಲ್ಲದ್ದು ಹೇಳ್ತೆ? ನಡಿ!"

ಬೆಳ್ಳಿ ಬೇಲಿ ದಾಟುವಾಗ ಹಿಂದಿನಿಂದ ಯಾರೋ ಓಡಿ ಬಂದರು. ಮಾದೇವನ ಹೆಂಡತಿ ಗಂಗಿ.

"ತಮ್ಮನಿಗೆ ಎಷ್ಟು ವರ್ಷ ಆಗಿತ್ತು?"

"ಮೀಸೆ ಈಗ ಮೂಡ್ತಾ ಇತ್ತು ಅಮ್ಮಾ."

ಗಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈಗ ನಾವೆಂತ ಮಾಡುದು?"

"ಇಲ್ಲಿಂದ ಎಂತದೂ ಕೊಡ್ಬೇಡಿ. ಹುಡುಗ ಹೋಗ್ಲಿ, ಗುರ್ತಿದ್ದವ್ರ ಮನೆಲಿ ನಾಕು ದಿನ ಇರ್ಲಿ. ಖೋಲಿ ಕಣ್ಣಾರೆ ಕಾಣ್ಲಿ, ಯಜಮಾನನ ಹತ್ರ ಮಾತಾಡ್ಲಿ, ಪಕ್ಕದವ್ರನ್ನ ಕೇಳ್ಲಿ. ಆಮೇಲೆ ಕೊಟ್ಟು ರಸೀದಿ ತಕಳ್ಲಿ."

ತಿಮ್ಮಣ್ಣ ಬಂದಾಗ ಗಂಗಿ ಗಂಡನ ಎದುರಿಗೇ ಯಜಮಾನನ ಹೆಸರು ಕೇಳಿದಳಂತೆ. ಅವನು ಮನೆಯವರು ಕೊಟ್ಟ ಪಾನಕವನ್ನೂ ಮುಟ್ಟದೆ ಸಿಟ್ಟಿನಿಂದ ಎದ್ದು ಹೋದನಂತೆ. ಮಾದೇವ ಮುಂಗಡದ ಹಣವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದನಂತೆ. ಹುಡುಗ ಮುಂಬಯಿಯಲ್ಲಿ ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ಉಳಿದು, ನಿಧಾನವಾಗಿ ಜಾಗ ಹುಡುಕಿಕೊಂಡ.

ತಿಮ್ಮಣ್ಣ ಸುಮ್ಮನಿರಲಿಲ್ಲ. ಮುಂಬಯಿಯಲ್ಲಿ ಬೆಳ್ಳಿ ಎಲ್ಲಿ ಮಲಗುತ್ತಿದ್ದಳೆಂದು ಪೇಟೆಯಲ್ಲಿ ಹೊಲಸು ಕತೆ ಹಬ್ಬಿಸಿದ. ಎಷ್ಟೋ ಮನೆಗಳು ಅವಳ ಮೀನು ಬಿಟ್ಟವು. ಕುರ್ವೆಯ ಹೆಂಗಸರೂ ದೋಣಿಯಲ್ಲಿ ಸರಿದು ಕೂರತೊಡಗಿದರು. ಪಕ್ಕದ ಮನೆಯ ಸುಬ್ಬಿ ಮಾತ್ರ, "ಇನ್ನಾದ್ರೂ ಸುಮ್ನಿರು ಮಾರಾಯ್ತಿ" ಎಂದು ಅತ್ತಳು.

ಬೆಳ್ಳಿ ಸುಮ್ಮನಿರಲಿಲ್ಲ. ಸ್ಟೀಮರು ಬರುವ ದಿನ ಹೊನ್ನಾವರದಲ್ಲಿ ದೋಣಿ ಹತ್ತುವ ಧಕ್ಕೆಗೆ ಹೋಗಿ, ಟ್ರಂಕು ಹಿಡಿದ ಹುಡುಗರನ್ನು ತಡೆದು ನಿಲ್ಲಿಸಿ ಮಾಬ್ಲನಿಗಾದದ್ದನ್ನು ಹೇಳುತ್ತಿದ್ದಳು. ಭಟ್ಕಳದಲ್ಲಿ ತಿಮ್ಮಣ್ಣ ಕಂಡನೆಂದು ಸುದ್ದಿ ಬಂದಾಗ ಅಲ್ಲಿಗೂ ಹೋದಳು. ಕೆಲವರು ನಕ್ಕರು, ಕೆಲವು ತಾಯಂದಿರು ಮಕ್ಕಳನ್ನು ಆಚೆ ಎಳೆದುಕೊಂಡರು. ನಿಂತು ಕೇಳಿದವರೂ ಇದ್ದರು. ತಿಮ್ಮಣ್ಣನಿಗೆ ಶಿಕ್ಷೆಯೆಂಬುದು ಆಗಲೇ ಇಲ್ಲ. ಹುಡುಗರನ್ನು ತುಂಬಿಕೊಂಡ ದೋಣಿ ಕಡಲಲ್ಲಿ ನಿಂತ ಸ್ಟೀಮರಿನತ್ತ ಹೋಗುವವರೆಗೂ ಅವಳು ಧಕ್ಕೆಯಲ್ಲಿ ನಿಂತಿರುತ್ತಿದ್ದಳು. ಅಷ್ಟರಲ್ಲಿ ಬುಟ್ಟಿಯ ಮೀನು ಬಿಸಿಲಿಗೆ ಕೆಟ್ಟಿರುತ್ತಿತ್ತು.